ಅಳಿಯಸಂತಾನದ ನಾಡಿನಲ್ಲಿ ‘ದೇವರ ಮಕ್ಕಳು’

ಗಡಿನಾಡಿನ ಚರಿತ್ರೆಯನ್ನು ಬರೆಯುವಾಗ ನಾವು ಅರಸರನ್ನೂ ಕೋಟೆಗಳನ್ನೂ ಭಾಷಾ ವಿವಾದವನ್ನೂ ನೆನೆಯುತ್ತೇವೆ. ಹೊರಗಿನಿಂದ ಬಂದ ಒಂದು ವಿಚಾರವು ನಮ್ಮ ಮನೆಗಳ ಒಳಗೆ ಏನು ಮಾಡಿತೆಂಬುದನ್ನು ನೋಡುವುದು ಕಡಿಮೆ. ಕ್ರೈಸ್ತರ ದತ್ತಪುತ್ರತ್ವದ ತತ್ತ್ವವು ಅಂತಹದೊಂದು ವಿಚಾರ.

ಕ್ರಿಸ್ತಶಕ ಒಂದನೆಯ ಶತಮಾನದ ನಡುಭಾಗದಲ್ಲಿ ಪೌಲನು ಗಲಾತ್ಯದ ಹಾಗೂ ರೋಮಿನ ಸಭೆಗಳಿಗೆ ಬರೆದ ಪತ್ರಗಳಲ್ಲಿ ಈ ತತ್ತ್ವವಿದೆ. ಅವನು ಬಳಸಿದ ಗ್ರೀಕ್ ಶಬ್ದ ‘ಹುಯಿಯೊಥೆಸಿಯ’. ಮಗನ ಸ್ಥಾನದಲ್ಲಿ ಇರಿಸುವುದೆಂದು ಅದರ ಅರ್ಥ. ರೋಮಿನ ಕುಲೀನರು ಮನೆತನ ಉಳಿಸಲು ಬೆಳೆದ ಗಂಡಸರನ್ನೂ ದತ್ತು ಪಡೆಯುತ್ತಿದ್ದರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಮರಣಶಾಸನದಿಂದ ಅವನ ಮಗನೆನಿಸಿದ ಆಕ್ಟೇವಿಯನನೇ ಮುಂದೆ ಆಗಸ್ಟಸ್ ಚಕ್ರವರ್ತಿಯಾದನು. ದತ್ತಕನಿಗೆ ಹೊಸ ತಂದೆಯ ಹೆಸರೂ ಆಸ್ತಿಯೂ ಸಲ್ಲುತ್ತಿದ್ದವು. ಈ ರೂಢಿಯನ್ನು ಬಲ್ಲ ಜನರಿಗೆ ಪೌಲನು, ದೇವರು ವಿಶ್ವಾಸಿಯನ್ನು ಆಳಿನಂತೆ ಅಲ್ಲ, ಆಸ್ತಿಗೆ ಬಾಧ್ಯನಾದ ಮಗನಂತೆ ಮನೆಗೆ ಸೇರಿಸಿಕೊಂಡಿದ್ದಾನೆಂದು ತಿಳಿಸಿದನು.

1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಆಗ ನಮ್ಮ ಕಾಸರಗೋಡೂ ಅದೇ ಕೆನರಾ ಜಿಲ್ಲೆಗೆ ಸೇರಿತ್ತು. ತುಳುನಾಡಿನಲ್ಲಿ ಅವರ ಬೋಧನೆಗೆ ಒಲಿದವರಲ್ಲಿ ಬಿಲ್ಲವರೇ ಹೆಚ್ಚು. ಬಿಲ್ಲವರದು ಆಗ ಅಳಿಯಸಂತಾನ ಕಟ್ಟಾಗಿತ್ತು. ಕುಟುಂಬದ ಆಸ್ತಿ ತಾಯಿಯ ಬಳಿಯಲ್ಲಿ ಸಾಗುತ್ತಿತ್ತು. ಮಾವನ ಯಜಮಾನಿಕೆ ಅಳಿಯನಿಗೆ ಬರುತ್ತಿತ್ತು. ತಂದೆಯ ಕುಟುಂಬದಲ್ಲಿ ಮಗನಿಗೆ ಬಾಧ್ಯತೆಯಿರಲಿಲ್ಲ. ಮಗನಾದುದರಿಂದ ಬಾಧ್ಯನೆಂಬ ತರ್ಕ ರೋಮಿನವನಿಗೆ ಸಹಜವಾದುದು. ಇಲ್ಲಿಯವನಿಗೆ ತನ್ನ ಕಟ್ಟಿಗೆ ಹೊರತಾದುದು.

ಮತಾಂತರ ಹೊಂದಿದವನಿಗೆ ಕುಟುಂಬದ ಮನೆ ತಪ್ಪುತ್ತಿತ್ತು. ಕಳ್ಳಿನ ಮೂರ್ತೆಯನ್ನು ಮಿಶನ್ ಒಪ್ಪದ ಕಾರಣ ಕುಲಕಸುಬೂ ತಪ್ಪುತ್ತಿತ್ತು. ಮತ ಬದಲಿಸಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗದೆಂದು 1850ರ 21ನೆಯ ಕಾಯಿದೆ ಸಾರಿತು. ಆದರೆ ಅಳಿಯಸಂತಾನದಲ್ಲಿ ಒಬ್ಬ ಸದಸ್ಯನು ಹಟ ಹಿಡಿದು ಪಾಲು ಪಡೆಯುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆಯವರೆಗೆ ಬಹುಮಟ್ಟಿಗೆ ಇದೇ ಸ್ಥಿತಿ. ಹಕ್ಕು ಕಾಗದದಲ್ಲಿ ಉಳಿಯಿತು, ಗದ್ದೆ ಕೈಗೆ ಬರಲಿಲ್ಲ. ಪರಲೋಕದ ಬಾಧ್ಯನು ಇಹದಲ್ಲಿ ನೆಲೆಯಿಲ್ಲದವನಾದನು.

ಮಕ್ಕಳೆಂದು ಕರೆದವರಿಗೆ ಮನೆಯನ್ನೂ ಒದಗಿಸಬೇಕಾಯಿತು. 1851ರಲ್ಲಿ ಬಂದ ಹಾಲರ್ ನೇಯ್ಗೆಯನ್ನು ಬೆಳೆಸಿದನು. 1865ರಲ್ಲಿ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದನು. ನಮ್ಮ ಮಾಡುಗಳ ಮೇಲಿನ ಕೆಂಪು ಹಂಚಿನ ಹಿಂದೆ ಮನೆ ಕಳೆದುಕೊಂಡವರ ದುಡಿಮೆಯಿದೆ. ಅದೇ 1865ರ ಉತ್ತರಾಧಿಕಾರ ಕಾಯಿದೆಯು ಕ್ರೈಸ್ತರಿಗೆ ಅನ್ವಯವಾಗಿ, ಮರಣಶಾಸನವಿಲ್ಲದೆ ತೀರಿಕೊಂಡವನ ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು ಕೊಟ್ಟಿತು. ಅಳಿಯನಿದ್ದ ಜಾಗಕ್ಕೆ ಮಕ್ಕಳು ಬಂದರು. ಇದನ್ನು ನಾವು ಬರಿಯ ಲಾಭವೆಂದು ಎಣಿಸಲಾರೆವು. ತಾಯಿಯ ಬಳಿಯಲ್ಲಿ ಹೆಣ್ಣಿಗಿದ್ದ ಮೂಲಸ್ಥಾನವೂ ಜೊತೆಗೇ ಕಳಚಿತು.

ದೇವರನ್ನು ಕರೆಯಲು ಪೌಲನು ‘ಅಬ್ಬಾ’ ಎಂಬ ಅರಮಾಯಿಕ್ ಸಂಬೋಧನೆಯನ್ನು ಹಾಗೆಯೇ ಉಳಿಸಿಕೊಂಡನು. ತಂದೆಯೆಂದು ಅದರ ಅರ್ಥ. ಕನ್ನಡದ ಕಿವಿಗೆ ಅದು ‘ಅಪ್ಪ’ನಿಗೆ ಸಮೀಪ, ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ. ಇದು ಧ್ವನಿಯ ಆಕಸ್ಮಿಕವಷ್ಟೇ. ಆದರೂ ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದೊಂದು ತಿಳಿವನ್ನು ಕೊಡುತ್ತದೆ: ಯಾರ ಮಕ್ಕಳು, ಯಾವ ಮನೆ ಎಂಬ ಪ್ರಶ್ನೆಗೆ ಪ್ರತಿಯೊಂದು ನಾಡೂ ತನ್ನ ಕಟ್ಟಿನ ಒಳಗಿನಿಂದಲೇ ಉತ್ತರ ಹುಡುಕಬೇಕಾಗುತ್ತದೆ.