ಸ್ಮಾರ್ಟ್ ಹೋಮ್ ಹಬ್: ಫಾರ್ವರ್ಡ್‌ಗಳು ಹೇಳುವುದರಲ್ಲಿ ನಿಜ ಎಷ್ಟು? ಕೆಜಿಎಫ್, ಬಂಗಾರಪೇಟೆಯ ಮನೆಗಳಿಗೆ ಇದು ಒಗ್ಗುತ್ತದೆಯೇ?

ಒಂದು ಡಬ್ಬಿ ತಂದಿಟ್ಟರೆ ಸಾಕು, ಲೈಟು, ಫ್ಯಾನು, ಗೀಸರ್, ಮೋಟಾರ್ ಎಲ್ಲವೂ ಫೋನಿನ ಮಾತು ಕೇಳುತ್ತವೆ, ಕರೆಂಟ್ ಬಿಲ್ ಅರ್ಧಕ್ಕೆ ಇಳಿಯುತ್ತದೆ ಎನ್ನುವ ವಿಡಿಯೋಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಆ ಡಬ್ಬಿ ಮನೆಯ ಮಾತನ್ನೆಲ್ಲ ಕದ್ದು ಕೇಳುತ್ತದೆ, ಅದರ ಅಲೆಗಳಿಂದ ಕ್ಯಾನ್ಸರ್ ಬರುತ್ತದೆ ಎನ್ನುವ ಸಂದೇಶವೂ ಅದೇ ಗುಂಪಿಗೆ ಬಂದು ಬೀಳುತ್ತದೆ. ಎರಡರಲ್ಲೂ ಸ್ವಲ್ಪ ನಿಜವಿದೆ, ಹೆಚ್ಚು ಪಾಲು ಉತ್ಪ್ರೇಕ್ಷೆ. ಯಾವುದು ನಿಜ, ಯಾವುದು ಅಲ್ಲ, ಯಾವುದು ಜೀವಕ್ಕೇ ಅಪಾಯ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕೆಜಿಎಫ್ ಮತ್ತು ಬಂಗಾರಪೇಟೆಯನ್ನು ನಾವು ಉದಾಹರಣೆಗೆ ತೆಗೆದುಕೊಂಡಿದ್ದಕ್ಕೆ ಕಾರಣವಿದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ದುಡಿಯುವ ವಯಸ್ಸಿನವರು ದೊಡ್ಡ ಸಂಖ್ಯೆಯಲ್ಲಿ ಬೆಂಗಳೂರಿನ ಕೆಲಸವನ್ನೇ ನಂಬಿದ್ದಾರೆ. ಬೆಳಗಾಗುವ ಮುಂಚೆ ಮಾರಿಕುಪ್ಪಂನಿಂದ ಹೊರಡುವ ರೈಲು ಹತ್ತಿ, ರಾತ್ರಿ ಅದೇ ದಾರಿಯಲ್ಲಿ ವಾಪಸು ಬರುತ್ತಾರೆ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್ಸ್, ಊರಗಾಂ ಕಡೆಯ ಮನೆಗಳಲ್ಲಿ ಹಗಲಿಡೀ ಇರುವವರು ವಯಸ್ಸಾದವರು. ಮನೆಯಲ್ಲಿ ಅಮ್ಮ ಗ್ಯಾಸ್ ಆಫ್ ಮಾಡಿದ್ದಾರಾ, ಅಪ್ಪ ಎದ್ದು ಓಡಾಡಿದ್ದಾರಾ ಎಂದು ದೂರದಿಂದಲೇ ತಿಳಿಯುವ ಆಸೆ ಶೋಕಿಯಲ್ಲ. ಅದಕ್ಕಾಗಿಯೇ ಈ ವಿಡಿಯೋಗಳನ್ನು ನಂಬಿ ಹಣ ಹಾಕುವವರೂ ಹೆಚ್ಚು.

ಒಂದು ವಿಷಯ ನೆನಪಿಸಬೇಕು. ಕರೆಂಟ್ ಈ ಊರಿಗೆ ಹೊಸದಲ್ಲ. ಶಿವನಸಮುದ್ರದ ಜಲವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಲೈನ್ ಮೂಲಕ ಕೋಲಾರದ ಗಣಿಗಳಿಗೆ ಬಂದದ್ದು 1902ರಲ್ಲಿ. ಬೆಂಗಳೂರಿನ ಬೀದಿಗಳಿಗೆ ಬಂದದ್ದು 1905ರಲ್ಲಿ, ಅಂದರೆ ಮೂರು ವರ್ಷ ತಡವಾಗಿ. ಗಣಿಯಲ್ಲಿ ಕೆಲಸ ಮಾಡಿದ ಹಿರಿಯರಿಗೆ ಹಬ್ ಅಂದರೇನು ಅಂತ ಹೇಳುವುದೂ ಸುಲಭ. ಶಾಫ್ಟ್‌ನಲ್ಲಿ ಕೇಜ್ ಇಳಿಸಲು, ಏರಿಸಲು ಗಂಟೆಯ ಸಂಕೇತಗಳಿದ್ದವು. ಕೆಳಗಿನವರು ಬಾರಿಸಿದ್ದು ಮೇಲಿನ ವೈಂಡಿಂಗ್ ಎಂಜಿನ್ ಡ್ರೈವರ್‌ಗೆ ಅರ್ಥವಾಗಬೇಕಾದರೆ ಇಬ್ಬರ ಬಳಿಯೂ ಒಂದೇ ಸಂಕೇತಪಟ್ಟಿ ಇರಬೇಕು. ಸ್ಮಾರ್ಟ್ ಸಾಧನಗಳ ಕಥೆಯೂ ಅಷ್ಟೇ.

ಹಬ್ ನಿಜಕ್ಕೂ ಮಾಡುವ ಕೆಲಸ ಏನು?

ಬಲ್ಬು, ಪ್ಲಗ್ಗು, ಬಾಗಿಲ ಸೆನ್ಸರ್ ಇವೆಲ್ಲ ಬೇರೆ ಬೇರೆ ರೇಡಿಯೋ ಭಾಷೆಗಳಲ್ಲಿ ಮಾತಾಡುತ್ತವೆ. ಕೆಲವು ವೈಫೈ, ಕೆಲವು ಬ್ಲೂಟೂತ್, ಕೆಲವು ಜಿಗ್‌ಬೀ, ಕೆಲವು ಝಡ್-ವೇವ್, ಈಚಿನವು ಥ್ರೆಡ್. ಇವುಗಳ ಮಾತನ್ನು ಕೇಳಿ, "ಬಾಗಿಲು ತೆರೆದರೆ ಹಜಾರದ ಲೈಟ್ ಹಾಕು" ಎಂಬಂಥ ನಿಯಮಗಳನ್ನು ನೆನಪಿಟ್ಟು ನಡೆಸುವ ಡಬ್ಬಿಯೇ ಹಬ್. ಎಲ್ಲ ಕಂಪನಿಗಳಿಗೂ ಒಂದೇ ಸಂಕೇತಪಟ್ಟಿ ಇರಲಿ ಎಂದು ಮ್ಯಾಟರ್ ಎಂಬ ಮಾನದಂಡ 2022ರ ಅಕ್ಟೋಬರ್‌ನಲ್ಲಿ ಬಂತು. ಹೊಸದಾಗಿ ಕೊಳ್ಳುವವರು ಡಬ್ಬಿಯ ಮೇಲೆ ಆ ಹೆಸರು ಇದೆಯೇ ಎಂದು ನೋಡುವುದು ಒಳ್ಳೆಯದು.

ಇಲ್ಲಿ ಎರಡು ಕಡೆ ಜನ ಮೋಸ ಹೋಗುತ್ತಾರೆ. ಅಮೆರಿಕದಲ್ಲಿರುವ ನೆಂಟರು ತಂದುಕೊಟ್ಟ ಝಡ್-ವೇವ್ ಸಾಧನ ಅಲ್ಲಿನ 908 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಭಾರತದಲ್ಲಿ ಅದಕ್ಕಿರುವುದು 865 ಮೆಗಾಹರ್ಟ್ಸ್ ಆಸುಪಾಸು, ಹಾಗಾಗಿ ಇಲ್ಲಿನ ಹಬ್‌ಗೆ ಅದು ಸೇರುವುದೇ ಇಲ್ಲ. ಇನ್ನೊಂದು, ಅಗ್ಗದ ವೈಫೈ ಪ್ಲಗ್‌ಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ರೂಟರ್‌ನ 5 ಗಿಗಾಹರ್ಟ್ಸ್ ಹೆಸರಿಗೆ ಎಷ್ಟು ಸಲ ಜೋಡಿಸಿದರೂ ಆಗುವುದಿಲ್ಲ, ಪ್ಲಗ್ ಕೆಟ್ಟಿದೆ ಎಂದು ಅಂಗಡಿಗೆ ಅಲೆಯುವುದೊಂದೇ ಬಾಕಿ. ಮನೆಯ ಸೂರು ತಗಡಿನದಾದರೆ, ಗೋಡೆ ದಪ್ಪ ಕಲ್ಲಿನದಾದರೆ ಸಿಗ್ನಲ್ ಇನ್ನಷ್ಟು ಸೊರಗುತ್ತದೆ. ಅಂಥ ಕಡೆ ಜಿಗ್‌ಬೀ ವಾಸಿ. ಕರೆಂಟ್‌ಗೆ ಹಾಕಿಟ್ಟ ಪ್ರತಿ ಜಿಗ್‌ಬೀ ಪ್ಲಗ್ ಸಾಮಾನ್ಯವಾಗಿ ಮುಂದಿನದಕ್ಕೆ ಸಂದೇಶ ದಾಟಿಸುತ್ತದೆ.

ಬಿಲ್ ಅರ್ಧ ಆಗುತ್ತದೆಯೇ?

ಇಲ್ಲ. ಕೆಜಿಎಫ್, ಬಂಗಾರಪೇಟೆ ಬೆಸ್ಕಾಂ ವ್ಯಾಪ್ತಿಯಲ್ಲಿವೆ. 2023ರಲ್ಲಿ ಶುರುವಾದ ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಅರ್ಹ ಮಿತಿಯೊಳಗೆ ಬಳಸುತ್ತಿದ್ದರೆ ಬಿಲ್ ಈಗಾಗಲೇ ಸೊನ್ನೆ. ಸೊನ್ನೆಯನ್ನು ಯಾವ ಹಬ್ಬೂ ಅರ್ಧ ಮಾಡಲಾರದು. ಬಳಕೆ ತಿಂಗಳಿಗೆ 200 ಯೂನಿಟ್‌ನ ಅಂಚಿನಲ್ಲಿ ತೂಗಾಡುವ ಮನೆಗೆ ಮಾತ್ರ ಹತ್ತು ಯೂನಿಟ್ ಉಳಿತಾಯಕ್ಕೂ ಬೆಲೆಯಿದೆ, ಏಕೆಂದರೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಅಂಥವರಿಗೆ ಬಳಕೆ ಅಳೆಯುವ ಸ್ಮಾರ್ಟ್ ಪ್ಲಗ್ ಒಂದೆರಡು ಇದ್ದರೆ ಯಾವ ಸಾಧನ ಎಷ್ಟು ತಿನ್ನುತ್ತದೆ ಎಂದು ಗೊತ್ತಾಗುತ್ತದೆ.

ಲೆಕ್ಕದ ಇನ್ನೊಂದು ಬದಿಯನ್ನು ವಿಡಿಯೋ ಹೇಳುವುದಿಲ್ಲ. ಸದಾ ಎಚ್ಚರವಿರುವ ಸ್ಮಾರ್ಟ್ ಪ್ಲಗ್ ತಾನೇ ಸುಮಾರು 1 ವ್ಯಾಟ್ ತಿನ್ನುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ಅದು 0.72 ಯೂನಿಟ್. ಹತ್ತು ಪ್ಲಗ್ ಹಾಕಿದರೆ ಏಳು ಯೂನಿಟ್ ಅದಕ್ಕೇ ಹೋಯಿತು. ಗೀಸರ್ ಆಫ್ ಮಾಡಲು ಮರೆತರೆ ಗಂಟೆಗೆ ಎರಡು ಯೂನಿಟ್ ಹೋಗುತ್ತದೆ ಎನ್ನುವುದೂ ಪೂರ್ತಿ ಸರಿಯಲ್ಲ. ಟ್ಯಾಂಕ್ ಇರುವ ಗೀಸರ್‌ನಲ್ಲಿ ಥರ್ಮೋಸ್ಟಾಟ್ ಇರುತ್ತದೆ, ನೀರು ಕಾದ ಮೇಲೆ ಅದು ಕರೆಂಟ್ ಕಡಿಯುತ್ತದೆ, ತಣಿದಾಗ ಮಾತ್ರ ಮತ್ತೆ ಹಾಕುತ್ತದೆ. ಸಾಕೆಟ್‌ಗೆ ಚುಚ್ಚಿದರೆ ಬಿಲ್ ಇಳಿಸುತ್ತದೆ ಎಂದು ಮಾರುವ "ಪವರ್ ಸೇವರ್" ಡಬ್ಬಿಗಳಂತೂ ಬೇರೆಯೇ ಮೋಸ. ಒಳಗಿರುವುದು ಹೆಚ್ಚೆಂದರೆ ಒಂದು ಕೆಪಾಸಿಟರ್. ಮನೆಯ ಬಿಲ್ ಬರುವುದು ಬಳಸಿದ ಯೂನಿಟ್ ಮೇಲೆ, ಪವರ್ ಫ್ಯಾಕ್ಟರ್ ಮೇಲೆ ಅಲ್ಲ. ಹಾಗಾಗಿ ಅದರಿಂದ ಏನೂ ಉಳಿಯದು.

ಗ್ಯಾಸ್ ಲೀಕ್ ಆದರೆ ಎಕ್ಸಾಸ್ಟ್ ಫ್ಯಾನ್ ತಾನೇ ಆನ್: ಇದನ್ನು ಖಂಡಿತ ಮಾಡಬೇಡಿ

ಸ್ಮಾರ್ಟ್ ಹೋಮ್ ಸಲಹೆಗಳಲ್ಲಿ ಅತ್ಯಂತ ಅಪಾಯದ್ದು ಇದು ಎಂಬುದು ನಮ್ಮ ಅಭಿಪ್ರಾಯ. ಕೇಳಲು ಬುದ್ಧಿವಂತಿಕೆಯಂತಿದೆ: ಸೆನ್ಸರ್ ಗ್ಯಾಸ್ ವಾಸನೆ ಹಿಡಿಯುತ್ತದೆ, ಹಬ್ ಫ್ಯಾನ್ ಹಾಕುತ್ತದೆ, ಗ್ಯಾಸ್ ಹೊರಗೆ ಹೋಗುತ್ತದೆ. ಆದರೆ ಸ್ವಿಚ್ ಆಗಲಿ, ಸ್ಮಾರ್ಟ್ ಪ್ಲಗ್‌ನ ಒಳಗಿನ ರಿಲೇ ಆಗಲಿ, ಆನ್ ಅಥವಾ ಆಫ್ ಆಗುವ ಕ್ಷಣದಲ್ಲಿ ಸಣ್ಣ ಕಿಡಿ ಹಾರಬಹುದು. ಫ್ಯಾನಿನ ಮೋಟಾರ್‌ನಲ್ಲೂ ಆ ಸಾಧ್ಯತೆ ಇದೆ. ಗಾಳಿಯಲ್ಲಿ ಎಲ್‌ಪಿಜಿ ಶೇಕಡ 2ರಷ್ಟು ಸೇರಿದರೂ ಹತ್ತಿಕೊಳ್ಳಲು ಆ ಕಿಡಿ ಸಾಕು. ಅಡುಗೆಮನೆಯಲ್ಲಿ ಗ್ಯಾಸ್ ತುಂಬಿದಾಗ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ ಎಂದು ಏಜೆನ್ಸಿಯವರು ಹೇಳುವುದು ಇದಕ್ಕೇ. ಕೈ ಮುಟ್ಟಬಾರದು ಅಂದದ್ದನ್ನು ಹಬ್ ಮುಟ್ಟಿದರೆ ಕಿಡಿ ಹಾರುವುದಿಲ್ಲವೇ?

ಗ್ಯಾಸ್ ಸೆನ್ಸರ್ ಬೇಡ ಅಂತ ಅಲ್ಲ. ಹಾಕಿಸಿ, ಆದರೆ ಅದು ಜೋರಾಗಿ ಕೂಗಿ ಫೋನಿಗೆ ಸಂದೇಶ ಕಳಿಸುವಷ್ಟಕ್ಕೇ ಇರಲಿ. ಜಾಗವೂ ಮುಖ್ಯ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಕೂರುತ್ತದೆ. ಆದ್ದರಿಂದ ಸಿಲಿಂಡರ್ ಇರುವ ಮನೆಯಲ್ಲಿ ಸೆನ್ಸರ್ ನೆಲದಿಂದ ಒಂದಡಿ ಎತ್ತರದಲ್ಲಿರಬೇಕು, ಸೂರಿನ ಹತ್ತಿರ ಅಲ್ಲ. ಪೈಪ್‌ನಲ್ಲಿ ಬರುವ ಗ್ಯಾಸ್ ಹಗುರ, ಅದಕ್ಕೆ ಮೇಲೆಯೇ ಹಾಕಬೇಕು. ಬೆಂಗಳೂರಿನಲ್ಲಿರುವ ಮಗನಿಗೋ ಮಗಳಿಗೋ ಎಚ್ಚರಿಕೆ ಬಂದರೆ ನೂರು ಕಿಲೋಮೀಟರ್ ದೂರದಿಂದ ಆ್ಯಪ್ ಒತ್ತಿ ಏನನ್ನೂ ಆಫ್ ಮಾಡಲು ಹೋಗಬಾರದು. ಪಕ್ಕದ ಮನೆಯವರಿಗೆ ಫೋನ್ ಮಾಡಿ, ದೊಡ್ಡವರನ್ನು ಹೊರಗೆ ಕರೆತರಲು ಹೇಳಿ. ಹತ್ತಿರ ಹೋಗುವುದು ಸುರಕ್ಷಿತ ಎನಿಸಿದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆಯಲಿ. ಎಲ್‌ಪಿಜಿ ತುರ್ತು ಸಹಾಯವಾಣಿ 1906. ಈ ನಂಬರ್ ಮತ್ತು ಪಕ್ಕದ ಮನೆಯವರ ನಂಬರ್ ಫೋನಿನಲ್ಲಿ ಇಲ್ಲದಿದ್ದರೆ ಸೆನ್ಸರ್ ಕೂಗಿ ಪ್ರಯೋಜನವಿಲ್ಲ.

ನೀರಿನ ಮೋಟಾರ್‌ಗೆ ಸ್ಮಾರ್ಟ್ ಪ್ಲಗ್?

ವರ್ಷವಿಡೀ ಹರಿಯುವ ನದಿಯಿಲ್ಲದ, ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿದ ಕೋಲಾರ ಜಿಲ್ಲೆಯಲ್ಲಿ ಟ್ಯಾಂಕ್ ತುಂಬಿ ನೀರು ಹರಿದು ಹೋಗುವುದನ್ನು ಯಾರೂ ಸಹಿಸರು. ಹಾಗಾಗಿ ಮೋಟಾರನ್ನೇ ಮೊದಲು ಹಬ್‌ಗೆ ಜೋಡಿಸಬೇಕು ಅನಿಸುತ್ತದೆ. 1 ಎಚ್‌ಪಿ ಅಂದರೆ 746 ವ್ಯಾಟ್, 10 ಆಂಪ್ ಪ್ಲಗ್ ಸಾಕಲ್ಲವೇ ಎಂದು ಲೆಕ್ಕ ಹಾಕುವವರಿದ್ದಾರೆ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟ್ ಮಾಮೂಲಿಗಿಂತ ಐದಾರು ಪಟ್ಟು ಇರುತ್ತದೆ. ಸಣ್ಣ ಪ್ಲಗ್‌ನ ರಿಲೇ ಸುಟ್ಟು ಅಂಟಿಕೊಂಡರೆ ಆ್ಯಪ್‌ನಲ್ಲಿ "ಆಫ್" ಎಂದು ತೋರಿಸುತ್ತದೆ, ಮೋಟಾರ್ ಓಡುತ್ತಲೇ ಇರುತ್ತದೆ. ಸ್ಮಾರ್ಟ್ ಸಾಧನ ಸ್ಟಾರ್ಟರ್ ಅಥವಾ ಕಾಂಟ್ಯಾಕ್ಟರ್‌ಗೆ ಸಂಕೇತ ಕೊಡಬೇಕೇ ಹೊರತು ಮೋಟಾರ್‌ನ ಭಾರ ತಾನು ಹೊರಬಾರದು. ಅದು ಎಲೆಕ್ಟ್ರಿಷಿಯನ್ ಕೆಲಸ, ಮನೆಯಲ್ಲಿ ವಿಡಿಯೋ ನೋಡಿ ಮಾಡುವುದಲ್ಲ.

ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ನಮ್ಮ ರೈತರು ಹಬ್ ಮಾರುವವರಿಗಿಂತ ಮುಂದಿದ್ದಾರೆ. ರಾತ್ರಿ ಯಾವಾಗಲೋ ಬರುವ ತ್ರೀ ಫೇಸ್ ಕರೆಂಟ್‌ಗಾಗಿ ತೋಟಕ್ಕೆ ಹೋಗಿ ಕಾಯುವ ಬದಲು ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡು ವರ್ಷಗಳಾದವು. ಒಳಗೆ ಒಂದು ಸಿಮ್, ಕಾಲ್ ಅಥವಾ ಮೆಸೇಜ್ ಮಾಡಿದರೆ ಮೋಟಾರ್ ಆನ್. ವೈಫೈ ಬೇಡ. ಬೋರ್‌ನಲ್ಲಿ ನೀರು ನಿಂತರೆ ಮೋಟಾರ್ ಸುಡದಂತೆ ನಿಲ್ಲಿಸುವ ವ್ಯವಸ್ಥೆಯೂ ಹಲವದರಲ್ಲಿ ಇರುತ್ತದೆ. ಮನೆಯ ಟ್ಯಾಂಕ್‌ಗಾದರೆ ಅಂಗಡಿಯಲ್ಲಿ ಸಿಗುವ ಸಾದಾ ವಾಟರ್ ಲೆವೆಲ್ ಕಂಟ್ರೋಲರ್ ಸಾಕು. ಇಂಟರ್ನೆಟ್ ಇರಲಿ ಬಿಡಲಿ, ತುಂಬಿದಾಗ ನಿಲ್ಲಿಸುತ್ತದೆ.

ಕರೆಂಟ್ ಹೋಗಿ ಬಂದಾಗ

ಇದು ನಮ್ಮ ಊರುಗಳ ಪ್ರಶ್ನೆ, ವಿದೇಶದ ವಿಡಿಯೋಗಳಲ್ಲಿ ಬರುವುದಿಲ್ಲ. ಪ್ರತಿ ಸ್ಮಾರ್ಟ್ ಪ್ಲಗ್‌ನ ಆ್ಯಪ್‌ನಲ್ಲಿ "ಕರೆಂಟ್ ಬಂದ ಮೇಲೆ ಏನಾಗಬೇಕು" ಎಂಬ ಆಯ್ಕೆ ಹುಡುಕಿ. ಆಫ್ ಆಗಿರಲಿ, ಆನ್ ಆಗಲಿ, ಮೊದಲಿನಂತೆ ಇರಲಿ ಎಂದು ಸಾಮಾನ್ಯವಾಗಿ ಮೂರು ಇರುತ್ತವೆ. ಗೀಸರ್, ಇಸ್ತ್ರಿಪೆಟ್ಟಿಗೆಯಂಥವಕ್ಕೆ "ಆಫ್" ಇಡಿ. ಇಲ್ಲದಿದ್ದರೆ ಬೆಳಿಗ್ಗೆ ಇಸ್ತ್ರಿ ಮಾಡುವಾಗ ಹೋದ ಕರೆಂಟ್ ನೀವು ರೈಲಿನಲ್ಲಿರುವಾಗ ಬರುತ್ತದೆ. 3 ಕಿಲೋವ್ಯಾಟ್ ಗೀಸರ್ 13 ಆಂಪ್ ಎಳೆಯುತ್ತದೆ, ಅದಕ್ಕೆ 16 ಆಂಪ್ ಪ್ಲಗ್ ಬೇಕು. ಹಳೆಯ ಮೈನಿಂಗ್ ಲೈನ್ ಮನೆಗಳಲ್ಲಿ ವೈರಿಂಗ್ ಎಷ್ಟು ಹಳತು, ಅರ್ತಿಂಗ್ ಸರಿಯಿದೆಯೇ ಎಂದು ಮೊದಲು ನೋಡಿಸಿ. ಹಬ್‌ಗೆ ಇಟ್ಟ ದುಡ್ಡಿನಲ್ಲಿ ಮೊದಲು ಒಂದು 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿದರೆ ಶಾಕ್‌ನಿಂದ ಜೀವ ಉಳಿಯುವ ಸಂಭವ ಹೆಚ್ಚು. ನಮ್ಮನ್ನು ಕೇಳಿದರೆ ಅದೇ ಮೊದಲ ಖರ್ಚು.

ಕಂಪನಿ ಮುಚ್ಚಿದರೆ?

ಇಂಟರ್ನೆಟ್ ನಿಂತರೆ ಅನೇಕ ಅಗ್ಗದ ಸಾಧನಗಳು ಮೂಕವಾಗುತ್ತವೆ. ಅವುಗಳ ನಿಯಮ ಇರುವುದು ಮನೆಯ ಡಬ್ಬಿಯಲ್ಲಿ ಅಲ್ಲ, ಕಂಪನಿಯ ಸರ್ವರ್‌ನಲ್ಲಿ. ಅಮೆರಿಕದ ರಿವಾಲ್ವ್ ಎಂಬ ಹಬ್ ಅನ್ನು ಅದರ ಒಡೆತನದ ಕಂಪನಿ 2016ರ ಮೇ ತಿಂಗಳಲ್ಲಿ ನಿಲ್ಲಿಸಿದಾಗ ಕೊಂಡವರ ಕೈಯಲ್ಲಿ ಉಳಿದದ್ದು ಖಾಲಿ ಡಬ್ಬಿ. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಸರ್ವರ್‌ಗಳು ಏಕಾಏಕಿ ನಿಂತವು. ಕೊಳ್ಳುವಾಗ ಅಂಗಡಿಯವರ ಮುಂದೆಯೇ ಇಂಟರ್ನೆಟ್ ತೆಗೆದು, ನಿಯಮ ನಡೆಯುತ್ತದೆಯೇ ಎಂದು ನೋಡಿ. ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ ಮನೆಯೊಳಗೇ ಎಲ್ಲವನ್ನೂ ನಡೆಸುತ್ತದೆ, ಆದರೆ ಅದನ್ನು ಕಟ್ಟಿ ನಿಲ್ಲಿಸಲು ಕಂಪ್ಯೂಟರ್ ಗೊತ್ತಿರುವವರೊಬ್ಬರು ಮನೆಯಲ್ಲಿರಬೇಕು.

ಕದ್ದು ಕೇಳುವುದು, ಕ್ಯಾನ್ಸರ್

ಕದ್ದು ಕೇಳುತ್ತದೆ ಎನ್ನುವ ಸಂದೇಶ ಹಬ್ ಮತ್ತು ಸ್ಮಾರ್ಟ್ ಸ್ಪೀಕರ್ ಎರಡನ್ನೂ ಬೆರೆಸಿದೆ. ಬರೀ ಜಿಗ್‌ಬೀ ಹಬ್‌ನಲ್ಲಿ ಸಾಮಾನ್ಯವಾಗಿ ಮೈಕ್ ಇರುವುದೇ ಇಲ್ಲ. ಸ್ಪೀಕರ್‌ನಲ್ಲಿ ಇರುತ್ತದೆ. ತನ್ನ ಹೆಸರು ಕರೆಯುವವರೆಗೆ ಅದು ಒಳಗೊಳಗೇ ಕಿವಿಗೊಟ್ಟಿರುತ್ತದೆ, ಕರೆದ ಮೇಲಿನ ಮಾತು ಕಂಪನಿಗೆ ಹೋಗುತ್ತದೆ. ಟಿವಿಯ ಮಾತನ್ನು ತನ್ನ ಹೆಸರೆಂದು ತಪ್ಪು ತಿಳಿದು ಎಚ್ಚರಗೊಳ್ಳುವುದೂ ಉಂಟು. ಹೀಗೆ ದಾಖಲಾದ ಅಲೆಕ್ಸಾ ತುಣುಕುಗಳನ್ನು ಅಮೆಜಾನ್ ನೌಕರರು ಕೇಳುತ್ತಿದ್ದರೆಂದು 2019ರಲ್ಲಿ ವರದಿಯಾಯಿತು. ಮಕ್ಕಳ ಧ್ವನಿಯನ್ನು ಅಳಿಸದೆ ಇಟ್ಟುಕೊಂಡ ಆರೋಪದ ಮೇಲೆ 2023ರಲ್ಲಿ ಅಮೆರಿಕದಲ್ಲಿ ಆ ಕಂಪನಿ 2.5 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಬೇಡದ ಹೊತ್ತಿನಲ್ಲಿ ಮೈಕ್ ಬಂದ್ ಮಾಡುವ ಬಟನ್ ಒತ್ತಿಡಿ.

ಕ್ಯಾನ್ಸರ್ ವಿಷಯ ಚಿಕ್ಕದು. ಈ ಅಲೆಗಳು ಎಕ್ಸ್‌ರೇಯಂತೆ ಅಣುಗಳನ್ನು ಒಡೆಯುವ ಶಕ್ತಿಯವಲ್ಲ, ಹಬ್‌ನ ಬಲ ಮಿಲಿವ್ಯಾಟ್‌ಗಳಲ್ಲಿ. 2011ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಿಯೋ ಅಲೆಗಳನ್ನು "ಸಾಧ್ಯತೆ ಇರಬಹುದು" ಎಂಬ 2ಬಿ ಗುಂಪಿಗೆ ಹಾಕಿತು. ಸಾಕ್ಷ್ಯ ಸೀಮಿತ ಎಂಬುದೇ ಅದರರ್ಥ. ಕಿವಿಗೆ ಒತ್ತಿ ಹಿಡಿಯುವ ಫೋನಿಗೆ ಹೋಲಿಸಿದರೆ ಮೂಲೆಯ ಹಬ್ ಏನೂ ಅಲ್ಲ.

ನಿಜವಾದ ಅಪಾಯ ಪಾಸ್‌ವರ್ಡ್‌ನದು. 2016ರಲ್ಲಿ ಮಿರಾಯ್ ಎಂಬ ದುರುದ್ದೇಶದ ತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳೊಳಗೆ ನುಗ್ಗಿತು. ಹಾಕಿದ ದಿನವೇ ಪಾಸ್‌ವರ್ಡ್ ಬದಲಿಸಿ. ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ನಂಬರ್‌ನಲ್ಲಿ ಇರಲಿ, ಹಾಕಲು ಬಂದವರ ಫೋನಿನಲ್ಲಿ ಅಲ್ಲ. ಹಬ್ ರಿಪೇರಿ ಎಂದು ಫೋನ್ ಮಾಡಿ ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಸುವವರಿಂದ ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಅಪ್ಪ ಅಮ್ಮನ ಮನೆಗೆ ಕ್ಯಾಮೆರಾ ಹಾಕುವ ಮುಂಚೆ ಅವರನ್ನು ಕೇಳಿ. ಬಾಗಿಲ ಸೆನ್ಸರ್ ಒಂದು, ಅಡುಗೆಮನೆಯ ಓಡಾಟ ಹಿಡಿಯುವ ಸೆನ್ಸರ್ ಒಂದು ಇದ್ದರೆ, ಬೆಳಿಗ್ಗೆ ಒಂಬತ್ತಾದರೂ ಯಾರೂ ಓಡಾಡಿಲ್ಲ ಎಂಬ ಸಂದೇಶ ನಿಮಗೆ ಬರುತ್ತದೆ. ಅದಕ್ಕೆ ಅವರ ಮುಖ ನೋಡುತ್ತಾ ಕೂರಬೇಕಿಲ್ಲ. ಗೋಡೆಯ ಹಳೆಯ ಸ್ವಿಚ್‌ಗಳನ್ನು ತೆಗೆಸಬೇಡಿ. ಫೋನ್ ಚಾರ್ಜ್ ಇಲ್ಲದ ರಾತ್ರಿ ಅವರು ಕತ್ತಲಲ್ಲಿ ತಡಕುವುದು ಅದನ್ನೇ.