ಗಡಿ ಅಳಿಯಿತು, ನೆನಪು ಉಳಿಯಿತು

ಇಂದು ಇಳಕಲ್ಲಿನಿಂದ ಕುಷ್ಟಗಿಗೆ ಹೋಗುವವರಿಗೆ ದಾರಿಯಲ್ಲಿ ಯಾವ ಸರಹದ್ದೂ ಕಾಣುವುದಿಲ್ಲ. ಆದರೆ 1948ರ ಸೆಪ್ಟೆಂಬರ್‌ವರೆಗೆ ಇದೇ ದಾರಿಯ ಮೇಲೆ ಎರಡು ಆಡಳಿತಗಳು ಎದುರುಬದುರಾಗಿದ್ದವು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಊರುಗಳು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಕುಷ್ಟಗಿ, ಲಿಂಗಸುಗೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಎರಡೂ ಕಡೆಯ ಜನರ ಮಾತು, ಬೆಳೆ, ಊಟ ಒಂದೇ ಆಗಿತ್ತು. 1956ರ ನವೆಂಬರ್ 1ರಂದು ಇವೆಲ್ಲ ಒಂದೇ ರಾಜ್ಯಕ್ಕೆ ಸೇರಿದವು. ನಕ್ಷೆಯ ಗೆರೆ ಅಳಿಸಿತು. ಮನಸ್ಸಿನ ಗೆರೆ ಅಳಿಯುವುದು ಅಷ್ಟು ಸುಲಭವಲ್ಲ ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು.

1947-48ರಲ್ಲಿ ಸಂಸ್ಥಾನದ ಹಳ್ಳಿಗಳು ರಜಾಕಾರರ ಹಾವಳಿಯಿಂದ ನಲುಗಿದವು. ಅನೇಕ ಹಿಂದೂ ಕುಟುಂಬಗಳು ಮನೆ ಬಿಟ್ಟು ಗಡಿ ದಾಟಿದವು. 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ನಂತರ, ರಜಾಕಾರರೊಂದಿಗೆ ಯಾವ ಸಂಬಂಧವೂ ಇಲ್ಲದ ಸಾಮಾನ್ಯ ಮುಸ್ಲಿಮರ ಮೇಲೆ ಸೇಡು ತಿರುಗಿತು. ಇದನ್ನು ಕಣ್ಣಾರೆ ಕಂಡು ಬರಲು ಭಾರತ ಸರ್ಕಾರ ಪಂಡಿತ್ ಸುಂದರಲಾಲ್ ಅವರ ನೇತೃತ್ವದ ನಿಯೋಗವನ್ನು ಕಳಿಸಿತು. ಸತ್ತವರು ಕನಿಷ್ಠ 27 ಸಾವಿರದಿಂದ 40 ಸಾವಿರ ಎಂದು ನಿಯೋಗ ಅಂದಾಜು ಮಾಡಿತು. ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ನಮ್ಮ ಗುಲಬರ್ಗಾ ಮತ್ತು ಬೀದರ್ ಇದ್ದವು. ಈ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಕೆಲವು ಕಡೆ ಹಿಂದೂ ನೇಕಾರರು ತಮ್ಮ ಪ್ರಾಣವನ್ನೇ ಪಣಕ್ಕಿಟ್ಟು ಮುಸ್ಲಿಂ ನೇಕಾರರನ್ನು ಕಾಪಾಡಿದರು. ಮಗ್ಗದ ಊರಾದ ಇಳಕಲ್ಲಿನವರಿಗೆ ಇದರ ಅರ್ಥ ಬೇರೆ ಹೇಳಬೇಕಾಗಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದು ಕೊಂಡಿ ಬಿಟ್ಟರೂ ಅಲ್ಲಿ ಸೀರೆ ಕೂಡುವುದಿಲ್ಲ.

ಸರ್ಕಾರದ ಕಡತ ಮೌನವಾಗಿದ್ದಾಗ ನೆನಪು ಮನೆಗಳ ಒಳಗೆ ಉಳಿಯುತ್ತದೆ. ಒಂದು ಮನೆಯಲ್ಲಿ ರಜಾಕಾರರ ಭಯ ಮಾತ್ರ, ಇನ್ನೊಂದು ಮನೆಯಲ್ಲಿ ಸೆಪ್ಟೆಂಬರ್ ನಂತರದ ಭಯ ಮಾತ್ರ. ಮಕ್ಕಳು ಅರ್ಧ ಅರ್ಧ ಕಥೆ ಕೇಳಿ ಬೆಳೆಯುತ್ತಾರೆ. ಈ ಅರ್ಧಗಳನ್ನು ಎದುರುಬದುರು ಕೂರಿಸುವ ಕೆಲಸವನ್ನು ಕಥೆ, ಕಾದಂಬರಿಗಳು ಮಾಡಬಲ್ಲವು. ಕನ್ನಡದಲ್ಲಿ ಅದಕ್ಕೆ ಒಳ್ಳೆಯ ಉದಾಹರಣೆಗಳಿವೆ.

ಬೊಳುವಾರು ಮಹಮದ್ ಕುಂಞಿ ಅವರ ‘ಸ್ವಾತಂತ್ರ್ಯದ ಓಟ’ 2012ರಲ್ಲಿ ಪ್ರಕಟವಾಯಿತು. 2016ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೇಶ ವಿಭಜನೆಯ ಗಲಭೆಯಲ್ಲಿ ತನ್ನವರನ್ನು ಅಗಲಿದ ಚಾಂದ್ ಅಲಿ, ಲೇಖಕರು ಕಲ್ಪಿಸಿದ ಮುತ್ತುಪ್ಪಾಡಿ ಎಂಬ ಊರಿಗೆ ಬಂದು ಸೇರುತ್ತಾನೆ. ರಕ್ತಸಂಬಂಧ ಕಳೆದುಕೊಂಡವನಿಗೆ ಊರೇ ಕುಟುಂಬವಾಗುವುದು ಈ ಕಾದಂಬರಿಯ ಜೀವಾಳ.

ವಿಭಜನೆ ಮನೆಯ ಒಳಗೂ ಇರುತ್ತದೆ ಎಂದು ತೋರಿಸಿದವರು ಸಾರಾ ಅಬೂಬಕ್ಕರ್. ಅವರು ಹುಟ್ಟಿದ ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ತಂದೆಯ ಹಠಕ್ಕೆ ಸಿಕ್ಕಿ ನಾದಿರಾ ಗಂಡನಿಂದ ದೂರವಾಗುತ್ತಾಳೆ. ಕೊನೆಗೆ ಎಲ್ಲರೂ ಅವಳನ್ನು ಮರಳಿ ಕೂಡಿಸಲು ಹೊರಟಾಗ, ಆ ಕೂಡಿಕೆಗೆ ವಿಧಿಸಿದ ಷರತ್ತೇ ಅವಳ ಪ್ರಾಣಕ್ಕೆ ಎರವಾಗುತ್ತದೆ. ನೊಂದವರ ಮನಸ್ಸು ಕೇಳದೆ ಮಾಡಿದ ರಾಜಿ ರಾಜಿಯಲ್ಲ ಎಂಬುದನ್ನು ಇಷ್ಟು ನೇರವಾಗಿ ಹೇಳಿದ ಕೃತಿಗಳು ವಿರಳ. ಈ ಲೇಖಕಿ 2023ರ ಜನವರಿಯಲ್ಲಿ ನಮ್ಮನ್ನು ಅಗಲಿದರು. ಮನೆಯೊಳಗಿನ ಹೆಣ್ಣುಮಕ್ಕಳ ಮಾತನ್ನು ಬರೆದ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು.

ಎರಡೂ ಕಾದಂಬರಿಗಳನ್ನು ಜೊತೆಯಾಗಿ ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮರೆತುಬಿಡಿ ಎಂದು ಹೇಳುವುದರಿಂದ ಸಾಮರಸ್ಯ ಬರುವುದಿಲ್ಲ. ನಮ್ಮ ನೋವನ್ನು ಹೇಳಬೇಕು, ಎದುರು ಮನೆಯ ನೋವನ್ನೂ ಕೇಳಬೇಕು, ನಮ್ಮವರು ಮಾಡಿದ ಅನ್ಯಾಯವನ್ನು ಅನ್ಯಾಯವೆಂದೇ ಕರೆಯಬೇಕು. ನಮ್ಮ ಧರ್ಮಗ್ರಂಥವೂ ಹೇಳುವುದು ಇದನ್ನೇ: ಸಾಕ್ಷ್ಯ ನಮಗೆ, ನಮ್ಮ ತಂದೆತಾಯಿಗೆ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕು.

ನಮ್ಮ ಜಿಲ್ಲೆಯಲ್ಲಿ ಬರೆಯಬೇಕಾದದ್ದು ಬಹಳವಿದೆ. ಬಾಗಲಕೋಟೆಯ ಅಬ್ಬಾಸ್ ಮೇಲಿನಮನಿ ಈ ಭಾಗದ ಮುಸ್ಲಿಂ ಬದುಕನ್ನು ಕನ್ನಡ ಕಥೆಗೆ ತಂದು ದಾರಿ ತೋರಿದ್ದಾರೆ. ಆಲಮಟ್ಟಿ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಓಣಿಗಳು ಚದುರಿ, ಒಂದೇ ಕಟ್ಟೆಯ ಮೇಲೆ ಕೂಡುತ್ತಿದ್ದ ನೆರೆಹೊರೆಯವರು ನವನಗರದ ಬೇರೆ ಬೇರೆ ಸೆಕ್ಟರುಗಳ ಪಾಲಾದರು. ಆ ನೆರೆಹೊರೆ ಹೇಗಿತ್ತು ಎಂದು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.

ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ದಾದಿ, ನಾನಾ ಅವರ ಬಳಿ ಕುಳಿತು ಕೇಳಲಿ: ಗಡಿಯ ಆಚೆ ನಮ್ಮವರು ಯಾರಿದ್ದರು? ಕಷ್ಟದಲ್ಲಿ ಬಾಗಿಲು ತೆರೆದವರು ಯಾರು? ನಾವು ಯಾರಿಗೆ ಬಾಗಿಲು ತೆರೆದೆವು, ಯಾರಿಗೆ ತೆರೆಯಲಿಲ್ಲ? ನಂತರ ಇದೇ ಪ್ರಶ್ನೆಗಳನ್ನು ನೆರೆಮನೆಯ ಅಜ್ಜಿಗೂ ಕೇಳಲಿ. ಎರಡೂ ಉತ್ತರಗಳನ್ನು ಒಂದೇ ನೋಟುಬುಕ್ಕಿನಲ್ಲಿ ಬರೆದಿಡಲಿ. ನಾಳಿನ ಇತಿಹಾಸಕಾರನಿಗೂ ಕಥೆಗಾರನಿಗೂ ಅದಕ್ಕಿಂತ ದೊಡ್ಡ ಕೊಡುಗೆ ಇನ್ನೊಂದಿಲ್ಲ.