ಏಲಿಯನ್ 3: ಒಂದು ನಿರಾಶೆಯ ಮರುವಿಚಾರಣೆ

1992ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಏಲಿಯನ್ 3’ ಮೊದಲ ಕೆಲವೇ ನಿಮಿಷಗಳಲ್ಲಿ ಅಭಿಮಾನಿಗಳ ಮುನಿಸು ಕಟ್ಟಿಕೊಂಡಿತು. ಜೇಮ್ಸ್ ಕ್ಯಾಮರಾನ್ ಅವರ 1986ರ ‘ಏಲಿಯನ್ಸ್’ನಲ್ಲಿ ನಾಯಕಿ ರಿಪ್ಲಿ ಜೀವದ ಹಂಗು ತೊರೆದು ಕಾಪಾಡಿದ ಬಾಲಕಿ ನ್ಯೂಟ್ ಇಲ್ಲಿ ಆರಂಭದಲ್ಲೇ ಸಾಯುತ್ತಾಳೆ; ಸೈನಿಕ ಹಿಕ್ಸ್‌ನ ಕಥೆಯೂ ಅಷ್ಟೇ. ಮುಂಚಿತವಾಗಿ ಬಿಟ್ಟ ಟೀಸರ್, ಈ ಸಲ ಸರಣಿಯ ಅನ್ಯಗ್ರಹದ ಪ್ರಾಣಿ ಭೂಮಿಗೇ ಬರುತ್ತದೆಂಬ ಆಸೆ ಹುಟ್ಟಿಸಿತ್ತು. ತೆರೆಯ ಮೇಲೆ ಸಿಕ್ಕಿದ್ದು ಬಂದೂಕೇ ಇಲ್ಲದ ಒಂದು ಸೆರೆಮನೆ ಗ್ರಹ, ತಲೆ ಬೋಳಿಸಿಕೊಂಡ ಕೈದಿಗಳು, ಕೊನೆಗೆ ನಾಯಕಿಯ ಆತ್ಮಾಹುತಿ.

ಈ ನಿರಾಶೆಗೆ ರೂಢಿಯ ವಿವರಣೆ ನಿರ್ಮಾಣದ ಗೊಂದಲ. ವಿಲಿಯಂ ಗಿಬ್ಸನ್ ಬರೆದ ಚಿತ್ರಕಥೆಯನ್ನು ಕೈಬಿಟ್ಟರು; ಮರದ ಗ್ರಹದಲ್ಲಿ ಸನ್ಯಾಸಿಗಳನ್ನು ಕಲ್ಪಿಸಿದ್ದ ನಿರ್ದೇಶಕ ವಿನ್ಸೆಂಟ್ ವಾರ್ಡ್ ಹೊರನಡೆದರು; ಜಾಹೀರಾತು, ಮ್ಯೂಸಿಕ್ ವಿಡಿಯೊಗಳಿಂದ ಬಂದ ಡೇವಿಡ್ ಫಿಂಚರ್ ತಮ್ಮ ಚೊಚ್ಚಲ ಚಿತ್ರದ ಚಿತ್ರೀಕರಣವನ್ನು ಚಿತ್ರಕಥೆ ಪೂರ್ತಿಯಾಗುವ ಮೊದಲೇ ಶುರುಮಾಡಬೇಕಾಯಿತು. ಇದೆಲ್ಲ ನಿಜವೇ. ಕಥೆ ನಡುವೆ ಕುಂಟುವುದಕ್ಕೆ, ಹಲವು ಕೈದಿಗಳ ಗುರುತೇ ಹತ್ತದಿರುವುದಕ್ಕೆ ಇದು ಕಾರಣವಾದೀತು. ಆದರೆ ಜನ ಸಿಟ್ಟಾದದ್ದು ಆ ಕುಂಟುವಿಕೆಗಲ್ಲ, ಚಿತ್ರದ ಕತ್ತಲಿಗೆ. ಆ ಕತ್ತಲು ಮಾತ್ರ ಆಕಸ್ಮಿಕವಲ್ಲ. ನ್ಯೂಟ್ ಮತ್ತು ಹಿಕ್ಸ್‌ರ ಅಂತ್ಯಕ್ರಿಯೆಯನ್ನೂ ಹೊಸ ಪ್ರಾಣಿಯ ಜನನವನ್ನೂ ಒಂದಕ್ಕೊಂದು ಹೆಣೆದ ದೃಶ್ಯವನ್ನೇ ನೋಡಬಹುದು: ಈ ಚಿತ್ರದ ವಸ್ತು ಬೇಟೆಯಲ್ಲ, ಶೋಕ. ವಾರ್ಡ್ ಅವರ ಸನ್ಯಾಸಿಗಳು ಮರೆಯಾದರೂ ಅವರ ವ್ರತನಿಷ್ಠೆ ಕೈದಿಗಳ ಪಾಲಿಗೆ ಉಳಿದು ಈ ವಸ್ತುವಿಗೆ ಒದಗಿಬಂತು. ಸಿಬ್ಬಂದಿಯ ಜೀವಕ್ಕಿಂತ ಪ್ರಾಣಿಯೇ ಬೆಲೆಬಾಳುವುದೆಂದು ಬಗೆಯುವ ಕಂಪನಿ 1979ರ ಮೊದಲ ಚಿತ್ರದಲ್ಲೇ ಇತ್ತು. ಎರಡನೆಯದು ಕೊಟ್ಟ ಸಾಂತ್ವನವನ್ನು ಕಿತ್ತುಕೊಂಡು, ಮೂರನೆಯದು ಆ ಮೊದಲ ನಿಷ್ಠುರತೆಗೇ ಮರಳಿತು.

ಮರುಮೌಲ್ಯಮಾಪನಕ್ಕೆ ದೊಡ್ಡ ನೆವ ಒದಗಿಸಿದ್ದು 2003ರಲ್ಲಿ ಡಿವಿಡಿಯಲ್ಲಿ ಬಂದ, ಸುಮಾರು ಅರ್ಧ ಗಂಟೆ ಹೆಚ್ಚು ಉದ್ದದ ಆವೃತ್ತಿ. ಸೆರೆಸಿಕ್ಕ ಪ್ರಾಣಿಯನ್ನು ಗೋಲಿಕ್ ಎಂಬ ಕೈದಿ ಬಿಟ್ಟುಬಿಡುವ ಭಾಗ ಮರಳಿದ್ದರಿಂದ ಕೈದಿಗಳ ಭಕ್ತಿ, ಭ್ರಮೆಗಳಿಗೆ ಅರ್ಥ ಬಂತು. ಈ ಮರುಮೌಲ್ಯಮಾಪನವೆಲ್ಲ ‘ಸೆವೆನ್’, ‘ಫೈಟ್ ಕ್ಲಬ್’ ಚಿತ್ರಗಳಿಂದ ಫಿಂಚರ್ ಗಳಿಸಿದ ಕೀರ್ತಿಯ ಪ್ರಭಾವವಷ್ಟೇ ಎಂಬ ಆಕ್ಷೇಪವಿದೆ. ಆ ಕೀರ್ತಿ ನೋಡುಗರನ್ನು ಮರಳಿ ಕರೆತಂದಿರಬಹುದು. ಆದರೆ ಸ್ವತಃ ಫಿಂಚರ್ ಈ ಚಿತ್ರವನ್ನು ತಮ್ಮದೆನ್ನಲು ಒಪ್ಪಲಿಲ್ಲ, 2003ರ ಆವೃತ್ತಿಯಲ್ಲೂ ಭಾಗಿಯಾಗಲಿಲ್ಲ. ನಿರ್ದೇಶಕನೇ ಕೈತೊಳೆದುಕೊಂಡ ಕೃತಿಯನ್ನು ಅವನ ಹೆಸರೊಂದೇ ಎತ್ತಿ ನಿಲ್ಲಿಸಲಾರದು. ಉದ್ದದ ಆವೃತ್ತಿಯೇ ಚಿತ್ರವನ್ನು ಉಳಿಸಿತೆನ್ನುವುದೂ ಸರಿಯಲ್ಲ. ಮೊದಲು ಕೋಪ ತರಿಸಿದ ಸಾವುಗಳು ಎರಡರಲ್ಲೂ ಇವೆ, ಕೊನೆಯ ಬೆನ್ನಟ್ಟುವ ದೃಶ್ಯದ ಗೋಜಲೂ ಇದೆ.

ಬದಲಾದದ್ದು ಹೋಲಿಕೆಯ ಅಳತೆಗೋಲು. 1992ರಲ್ಲಿ ಈ ಚಿತ್ರವನ್ನು ‘ಏಲಿಯನ್ಸ್’ ಪಕ್ಕದಲ್ಲಿಟ್ಟು ನೋಡಿದರು. 1997ರ ನಾಲ್ಕನೆಯ ಚಿತ್ರ ರಿಪ್ಲಿಯನ್ನು ತದ್ರೂಪಿಯಾಗಿ ಮರುಹುಟ್ಟಿಸಿದ ಮೇಲೆ, ಸರಣಿಯನ್ನು ನಿಜವಾಗಿ ಮುಗಿಸುವ ಧೈರ್ಯ ಮೂರನೆಯದಕ್ಕೆ ಮಾತ್ರ ಇತ್ತೆಂಬುದು ಎದ್ದುಕಂಡಿತು. ಟೀಸರ್ ಕೊಟ್ಟ ಮಾತು ತಪ್ಪಿದ್ದಕ್ಕೆ ಅಂದಿನ ಪ್ರೇಕ್ಷಕ ದೂರಿದ್ದು ನ್ಯಾಯವೇ. ಆದರೆ ಕೊಡದ ಮಾತಿಗೂ, ಅಂದರೆ ಎಲ್ಲರೂ ಸುಖವಾಗಿರುತ್ತಾರೆಂಬ ಭರವಸೆಗೂ, ಚಿತ್ರವನ್ನೇ ಹೊಣೆ ಮಾಡಿದ್ದು ನ್ಯಾಯವಲ್ಲ.